ನೀನು ನಡೆದ್ರೆ ಅವರಿಗೇನು ಲಾಭ?

ಕಳೆದ ವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ಗೆ ಹೋಗಿ, ಕಡಲಂಚಿನಲ್ಲಿ ಐದು ದಿನ ನಡೆದು ಬಂದೆ. ಹನ್ನೊಂದು ಜನರ ಗುಂಪು, ಮುಂದೊಬ್ಬ ಗೈಡು, ರಾತ್ರಿ ಮಲಗೋಕೆ ಹಳ್ಳಿಯ ಸಣ್ಣ ವಸತಿಗೃಹಗಳು. ಸೇಂಟ್ ಐವ್ಸ್‌ನಿಂದ ಹೊರಟು ಝೆನರ್, ಪೆಂಡೀನ್, ಸೆನನ್, ಪೋರ್ಥ್‌ಕರ್ನೋ ದಾಟಿ ಮೌಸ್‌ಹೋಲ್ ತನಕ, ಹೆಚ್ಚುಕಮ್ಮಿ 60 ಕಿಲೋಮೀಟರು. ಒಂದೇ ಷರತ್ತು: ನಡೆಯುವ ಪ್ರತಿಯೊಬ್ಬರೂ ಗೊತ್ತಿದ್ದವರ ಹತ್ತಿರ ದುಡ್ಡು ಎತ್ತಿ, ಕಡಲಲ್ಲಿ ಸಿಕ್ಕಿಕೊಂಡವರ ಜೀವ ಉಳಿಸುವ ಲೈಫ್‌ಬೋಟ್ ಸಂಸ್ಥೆಗೆ ಕೊಡಬೇಕು.

ಸರಿ, ಆಫೀಸಿನವರನ್ನೆಲ್ಲ ಕಾಡಿಸಿ ಮುಗಿಸಿದ ಮೇಲೆ ಹೊನ್ನಾವರದ ಮಾವನಿಗೂ ಫೋನ್ ಮಾಡಿದೆ. ಮಾವ ಪೂರ್ತಿ ಕೇಳಿಸಿಕೊಂಡು ಅಂದರು, "ಅಲ್ಲ ಮಾರಾಯ, ಆ ದೋಣಿಯವರಿಗೆ ದುಡ್ಡು ಬೇಕು ಅಂದ್ರೆ ಕೊಡುವ. ನಡುವೆ ನೀನ್ಯಾಕೆ ನಡೀಬೇಕು? ನೀನು ನಡೆದ್ರೆ ಅವರಿಗೇನು ಲಾಭ?"

ಉತ್ತರ ಹೊಳೆಯಲಿಲ್ಲ. "ಇಲ್ಲೆಲ್ಲ ಹಾಗೇ ಮಾಮ" ಅಂದು ಜಾರಿಕೊಂಡೆ. ಆದರೆ ಆ ಪ್ರಶ್ನೆ ಐದು ದಿನವೂ ನನ್ನ ಬೆನ್ನುಚೀಲದಲ್ಲೇ ಇತ್ತು. ವಾಪಸ್ ಬಂದ ಮೇಲೆ ಒಂದಿಷ್ಟು ಓದಿದೆ. ಅದರ ಫಲ ಈ ಬರಹ.

ಮೊದಲು ದಾರಿಯ ಕಥೆ ಹೇಳಿಬಿಡ್ತೀನಿ. ನಾವು ನಡೆದದ್ದು ಸೌತ್ ವೆಸ್ಟ್ ಕೋಸ್ಟ್ ಪಾತ್ ಅನ್ನುವ ಕಾಲುದಾರಿಯ ಒಂದು ಸಣ್ಣ ತುಂಡು. ಪೂರ್ತಿ ದಾರಿ ಸಾಮರ್ಸೆಟ್‌ನ ಮೈನ್‌ಹೆಡ್‌ನಿಂದ ಡಾರ್ಸೆಟ್‌ನ ಪೂಲ್ ಬಂದರಿನ ತನಕ 630 ಮೈಲಿ, ಅಂದರೆ ಸಾವಿರ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಹತ್ತುವ ಏರುಗಳನ್ನೆಲ್ಲ ಕೂಡಿಸಿದರೆ ಎವರೆಸ್ಟನ್ನು ನಾಲ್ಕು ಸಲ ಹತ್ತಿದಷ್ಟು! ಎರಡನೇ ದಿನವೇ ನನ್ನ ಮಂಡಿಗೆ ಈ ಲೆಕ್ಕದಲ್ಲಿ ಪೂರ್ತಿ ನಂಬಿಕೆ ಬಂತು.

ಈ ದಾರಿಯಲ್ಲಿ ಒಂದು ವಿಚಿತ್ರ ಇದೆ. ಎಲ್ಲಿಯೂ ಅಡ್ಡದಾರಿ ಹಿಡಿಯೋದೇ ಇಲ್ಲ. ಕಡಲು ಎಲ್ಲಿ ಒಳಕ್ಕೆ ನುಗ್ಗಿದೆಯೋ ಅಲ್ಲೆಲ್ಲ ತಾನೂ ಒಳಕ್ಕೆ ಬಂದು, ತಳದ ತನಕ ಇಳಿದು, ಮತ್ತೆ ಹತ್ತುತ್ತೆ. ಊರಿಂದ ಊರಿಗೆ ಹೋಗೋರು ಹೀಗೆ ದಾರಿ ಮಾಡ್ತಾರಾ? ಇಲ್ಲ. ಇದು ಎಲ್ಲಿಗೂ ಹೋಗೋಕೆ ಮಾಡಿದ ದಾರಿಯಲ್ಲ, ನೋಡೋಕೆ ಮಾಡಿದ ದಾರಿ. ಇಲ್ಲಿ ನಡೆಯುತ್ತಿದ್ದವರು ಸರ್ಕಾರದ ಕೋಸ್ಟ್‌ಗಾರ್ಡ್ ಕಾವಲುಗಾರರು. ಅವರ ಕೆಲಸ ಒಂದೊಂದು ಕೊಲ್ಲಿಯೊಳಗೂ ಇಣುಕಿ, ಕಳ್ಳಮಾಲು ಇಳೀತಾ ಇದೆಯಾ ಅಂತ ನೋಡೋದು.

ಕಳ್ಳಮಾಲು ಅಂದರೆ ಬ್ರಾಂದಿ, ತಂಬಾಕು, ಜೊತೆಗೆ ನಾವು ದಿನಾ ಕುಡಿಯೋ ಚಹಾ. 1784ರಲ್ಲಿ ಬ್ರಿಟನ್ನಿನಲ್ಲಿ ಚಹಾ ಮೇಲಿನ ತೆರಿಗೆ ಶೇಕಡಾ 119 ಇತ್ತು. ಮಾಲಿಗಿಂತ ತೆರಿಗೆಯೇ ದುಬಾರಿ! ಆ ವರ್ಷ ಪ್ರಧಾನಿ ಪಿಟ್ ಅದನ್ನು ಒಂದೇ ಏಟಿಗೆ ಶೇಕಡಾ 12.5ಕ್ಕೆ ಇಳಿಸಿದ ಮೇಲೆ ಚಹಾದ ಕಳ್ಳಸಾಗಣೆ ನೆಲಕಚ್ಚಿತು. ಉಳಿದ ಮಾಲುಗಳದ್ದು ಮುಂದುವರಿಯಿತು. ಹಾಗಾಗಿ 1822ರಲ್ಲಿ ಬೇರೆಬೇರೆ ಕಾವಲು ದಳಗಳನ್ನು ಸೇರಿಸಿ ಕೋಸ್ಟ್‌ಗಾರ್ಡ್ ಕಟ್ಟಿದರು. ಊರಿನವರಿಗೆ ಈ ಕಾವಲುಗಾರರನ್ನು ಕಂಡರೆ ಆಗುತ್ತಿರಲಿಲ್ಲ, ಹಾಗಾಗಿ ಅವರಿಗೆ ಬೇರೆಯೇ ಮನೆಗಳ ಸಾಲು ಕಟ್ಟಿಕೊಡಬೇಕಾಯ್ತು. ಅಂಥ ಮನೆಗಳು ಕಾರ್ನ್‌ವಾಲ್ ಕರಾವಳಿಯಲ್ಲಿ ಇನ್ನೂ ಇವೆ.

ಅದೇ ಕಾವಲುದಾರಿ 1973ರಲ್ಲಿ ಕಾರ್ನ್‌ವಾಲ್ ಭಾಗದಲ್ಲಿ ನಡಿಗೆಯವರಿಗಾಗಿ ಅಧಿಕೃತವಾಗಿ ತೆರೆಯಿತು. ಉಳಿದ ಭಾಗಗಳೂ ಸೇರಿ 1978ಕ್ಕೆ ಪೂರ್ತಿಯಾಯ್ತು. ಕಳ್ಳರನ್ನು ಹಿಡಿಯೋಕೆ ಸಂಬಳಕ್ಕೆ ನಡೆದವರ ದಾರಿಯಲ್ಲಿ ನಾವು ಕೈಯಿಂದ ದುಡ್ಡು ಕೊಟ್ಟು ನಡೀತಾ ಇದ್ದೆವು!

ಮೂರನೇ ದಿನ ಪೆಂಡೀನ್ ಆಚೆ, ಬಂಡೆಯಂಚಿನಲ್ಲಿ ಪಾಳುಬಿದ್ದ ಕಲ್ಲುಕಟ್ಟಡಗಳು ಸಿಕ್ಕವು. ಎತ್ತರದ ಚಿಮಣಿ, ಛಾವಣಿಯಿಲ್ಲದ ಗೋಡೆ. ತವರ, ತಾಮ್ರದ ಗಣಿಗಳ ಎಂಜಿನ್ ಮನೆಗಳು. ಇಲ್ಲಿನ ಗಣಿಗಳು ಕಡಲಿನ ತಳದ ಕೆಳಗೂ ಹೋಗಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಬೆಲೆ ಬಿದ್ದಾಗ ಕಾರ್ನ್‌ವಾಲಿನ ಗಣಿಗಾರರು ಜಗತ್ತೆಲ್ಲ ಚೆದುರಿದರು. ಕೆಲವರು ಎಲ್ಲಿಗೆ ಬಂದರು ಗೊತ್ತಾ? ನಮ್ಮ ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನಿಷ್ ಗಣಿಗಾರರನ್ನು ಕರೆಸಿಕೊಂಡಿತ್ತು. ಕೆಜಿಎಫ್ ಅಂದಿದ್ದಕ್ಕೆ ನಮ್ಮ ಗೈಡ್ ಮುಖ ಅರಳಿತು, ಅವರಿಗೆ ಹೆಸರು ಗೊತ್ತಿತ್ತು! ಮುಂದೆ ಸಿಗುವ ಪೋರ್ಥ್‌ಕರ್ನೋ ಎಂಬ ಪುಟ್ಟ ಮರಳದಂಡೆಗೂ ನಮ್ಮ ನಂಟಿದೆ. ಬ್ರಿಟನ್ನಿನಿಂದ ಬೊಂಬಾಯಿಗೆ ತಂತಿ ಸಂದೇಶ ಹೊತ್ತ ಕಡಲತಳದ ಕೇಬಲ್ ದಡ ಸೇರಿದ್ದು ಅಲ್ಲೇ, 1870ರಲ್ಲಿ.

ಇರಲಿ, ಮಾವನ ಪ್ರಶ್ನೆಗೆ ಬರೋಣ. ದಾರಿಯೇನೋ ಕಾವಲುಗಾರರದ್ದು. ಆದರೆ ಗುಂಪು ಕಟ್ಟಿಕೊಂಡು, ಮುಂದಾಳಿನ ಹಿಂದೆ ದಿನಗಟ್ಟಲೆ ನಡೆಯುವ ರಜೆ ಎಲ್ಲಿಂದ ಬಂತು? ಬೀದಿಗಿಳಿದು ದಾನ ಎತ್ತುವ ಪದ್ಧತಿ ಎಲ್ಲಿಂದ ಬಂತು? ಎರಡರ ಜಾಡು ಹಿಡಿದು ಹೋದರೆ ಕಾರ್ನ್‌ವಾಲ್ ಬಿಟ್ಟು ಉತ್ತರದ ಲ್ಯಾಂಕಾಶೈರಿಗೆ, ಹತ್ತಿಗಿರಣಿಗಳ ನಾಡಿಗೆ ಹೋಗಬೇಕು. ನನಗೆ ಆಶ್ಚರ್ಯವಾಗಿದ್ದು, ಎರಡೂ ಒಂದೇ ವರ್ಷದವು. 1891.

ಮೊದಲನೆಯದು ರಜೆಯ ಕಥೆ. ಕೋನ್ ಅನ್ನುವ ಗಿರಣಿಯೂರಿನಲ್ಲಿ ಥಾಮಸ್ ಆರ್ಥರ್ ಲೆನಾರ್ಡ್ ಎಂಬ ಪಾದ್ರಿ ಇದ್ದರು. ಗಿರಣಿ ಕೆಲಸಗಾರರಿಗೆ ವರ್ಷಕ್ಕೊಂದು ವಾರ ರಜೆ. ವರ್ಷವಿಡೀ ಕೂಡಿಟ್ಟ ಕಾಸೆಲ್ಲ ಹಿಡಿದು ಬ್ಲ್ಯಾಕ್‌ಪೂಲ್‌ನಂಥ ಕಡಲೂರಿಗೆ ಹೋಗಿ ಕುಡಿದು ಕುಣಿದು ಬರಿಗೈಯಲ್ಲಿ ಬರೋರು. ಲೆನಾರ್ಡ್ 1891ರಲ್ಲಿ ಸುಮಾರು ಮೂವತ್ತು ಮಂದಿಯನ್ನು ಕರೆದುಕೊಂಡು ಸರೋವರಗಳ ಸೀಮೆಯ ಆಂಬಲ್‌ಸೈಡ್‌ಗೆ ಹೋಗಿ ಬೆಟ್ಟಗುಡ್ಡ ಸುತ್ತಿಸಿದರು. ಅದೇ ಬೆಳೆದು ಸಹಕಾರಿ ರಜಾ ಸಂಘವಾಯ್ತು. ಕಡಲಂಚಿನ ವ್ಹಿಟ್ಬಿ ಅದರ ಮೊದಮೊದಲ ಕೇಂದ್ರಗಳಲ್ಲೊಂದು. ಕಡಿಮೆ ಖರ್ಚು, ಸರಳ ಊಟ, ದಾರಿ ತೋರಿಸೋಕೆ ಒಬ್ಬ ಮುಂದಾಳು. ಅಷ್ಟೇ ಅಲ್ಲ, ನಗರದ ಕೊಳೆಗೇರಿಗಳ ಬಡವರಿಗೆ ಪುಕ್ಕಟೆ ರಜೆಯನ್ನೂ ಈ ಸಂಘ ಕೊಡಿಸುತ್ತಿತ್ತು. ಸಂಘದಲ್ಲಿ ಬರಬರುತ್ತಾ ಮಧ್ಯಮವರ್ಗದವರೇ ತುಂಬಿಕೊಂಡರು ಅನ್ನಿಸಿದಾಗ ಲೆನಾರ್ಡ್ ಹೊರಬಂದು 1913ರಲ್ಲಿ ಹಾಲಿಡೇ ಫೆಲೋಶಿಪ್ ಅಂತ ಇನ್ನೊಂದು ಕಟ್ಟಿದರು. ಹೆಸರು ಸ್ವಲ್ಪ ಬದಲಾಗಿ ಅದು ಈಗಲೂ ನಡೀತಿದೆ.

ಎರಡನೆಯದು ಲೈಫ್‌ಬೋಟಿನ ಕಥೆ. ಸರ್ ವಿಲಿಯಂ ಹಿಲರಿ ಎಂಬವರ ಕರೆಯಿಂದ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ 1824ರಲ್ಲಿ ಹುಟ್ಟಿತು. ದೋಣಿ ನಡೆಸೋರು ಸುತ್ತಲಿನ ಬೆಸ್ತರು, ಸ್ವಯಂಸೇವಕರು. 1854ರಿಂದ ಒಂದಷ್ಟು ವರ್ಷ ಸರ್ಕಾರದ ಹಣ ತಗೊಂಡು ನೋಡಿದರು, 1869ರಲ್ಲಿ ಬಿಟ್ಟುಬಿಟ್ಟರು. ಇಂದಿಗೂ ಖರ್ಚಿನ ಬಹುಪಾಲು ಜನರ ದೇಣಿಗೆಯೇ.

1886ರ ಡಿಸೆಂಬರ್ 9ರ ರಾತ್ರಿ ಲ್ಯಾಂಕಾಶೈರ್ ಕರಾವಳಿಯಲ್ಲಿ ಮೆಕ್ಸಿಕೋ ಎಂಬ ಜರ್ಮನ್ ಹಡಗು ಬಿರುಗಾಳಿಗೆ ಸಿಕ್ಕಿತು. ಮೂರು ಊರಿಂದ ಮೂರು ಲೈಫ್‌ಬೋಟ್ ಹೊರಟವು. ಲಿದಮ್ ಊರಿನ ದೋಣಿ ಹಡಗಿನ ಹನ್ನೆರಡೂ ಮಂದಿಯನ್ನು ಉಳಿಸಿ ತಂದಿತು. ಉಳಿದೆರಡು ದೋಣಿ ಮಗುಚಿದವು. ಸತ್ತವರು 27 ಮಂದಿ. ಸೇಂಟ್ ಆನ್ಸ್ ಊರಿನ ದೋಣಿಯ ಹದಿಮೂರು ಜನರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ.

ಆ ಸೇಂಟ್ ಆನ್ಸ್‌ನಲ್ಲಿ ಚಾರ್ಲ್ಸ್ ಮಕಾರಾ ಎಂಬ ಹತ್ತಿ ಉದ್ಯಮಿಯ ಮನೆ ಇತ್ತು. ಸತ್ತವರ ಮನೆಗಳಿಗಾಗಿ ಹಣ ಕೂಡಿಸುವಾಗ ಅವರು ಲೈಫ್‌ಬೋಟ್ ಸಂಸ್ಥೆಯ ಲೆಕ್ಕವನ್ನೂ ನೋಡಿದರು. ವರಮಾನದ ಮೂರರಲ್ಲಿ ಎರಡು ಪಾಲು ಬರೀ ನೂರು ಮಂದಿ ಶ್ರೀಮಂತರಿಂದ ಬರುತ್ತಿತ್ತು! ಇಡೀ ದೇಶದ ಕಡಲಿನ ಜೀವರಕ್ಷಣೆ ನೂರು ಜನರ ಮರ್ಜಿಯ ಮೇಲೆ. ಇದು ಸರಿಯಲ್ಲ ಅಂದುಕೊಂಡ ಮಕಾರಾ 1891ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರಿನ ಬೀದಿಗೆ ಲೈಫ್‌ಬೋಟನ್ನೇ ಎಳೆತಂದರು. ಕಡಲಿಲ್ಲದ ಊರಲ್ಲಿ ಲೈಫ್‌ಬೋಟ್! ನಮ್ಮಲ್ಲಿ ತೇರು ಎಳೆಯೋ ಹಾಗೆ. ಬ್ಯಾಂಡು, ಮೆರವಣಿಗೆ, ಹಿಂದೆ ಸಾವಿರಾರು ಜನ. ಮಹಡಿ ಕಿಟಕಿಗಳಿಗೂ ಟ್ರಾಮಿನ ಮೇಲಂತಸ್ತಿಗೂ ಎಟುಕುವಂತೆ ಉದ್ದ ಕೋಲಿಗೆ ಚೀಲ ಕಟ್ಟಿ ಕಾಸು ಕೇಳಿದರು. ಅವತ್ತು 5,000 ಪೌಂಡಿಗೂ ಹೆಚ್ಚು ಕೂಡಿತು. ದಾನಕ್ಕಾಗಿ ಬೀದಿಗಿಳಿದು ಹಣ ಎತ್ತಿದ್ದರಲ್ಲಿ ಇದೇ ಮೊದಲು ಅಂತಾರೆ.

ಆ ಹತ್ತಿಗಿರಣಿಗಳಿಗೂ ಮಾವನ ಊರಿಗೂ ಸಂಬಂಧ ಇದೆ ಅಂದರೆ ನಗ್ತೀರೇನೋ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿಗೆ ಹತ್ತಿ ನಿಂತುಹೋದಾಗ ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸೋಕೆ ಕಾರವಾರ ಬಂದರು ಬೇಕು ಅಂತ ಮ್ಯಾಂಚೆಸ್ಟರಿನವರು ಹಟ ಹಿಡಿದರು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು.

ಮತ್ತೆ ನಮ್ಮ ದಾರಿಗೆ. ನಾಲ್ಕನೇ ದಿನ ಸೆನನ್ ಬಿಟ್ಟು ಸ್ವಲ್ಪದರಲ್ಲೇ ಲ್ಯಾಂಡ್ಸ್ ಎಂಡ್. ನೆಲದ ಕೊನೆ. ಕ್ರಿಕೆಟ್ ಹುಚ್ಚಿನವರಿಗೆ ಇಲ್ಲೊಂದು ನೆನಪಿದೆ. ಇಯಾನ್ ಬಾಥಮ್ 1985ರಲ್ಲಿ ಸ್ಕಾಟ್ಲೆಂಡಿನ ತುದಿಯ ಜಾನ್ ಓ ಗ್ರೋಟ್ಸ್‌ನಿಂದ ಇಲ್ಲಿಯ ತನಕ ನಡೆದು ಬಂದರು. ಅದಕ್ಕೂ ಕೆಲವರ್ಷ ಮೊದಲು ಟಾಂಟನ್ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಆದ ಮಕ್ಕಳನ್ನು ಕಂಡದ್ದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಲ್ಯುಕೇಮಿಯಾ ಸಂಶೋಧನೆಗಾಗಿ ಆ ನಡಿಗೆಯಲ್ಲಿ ಸುಮಾರು 9 ಲಕ್ಷ ಪೌಂಡ್ ಕೂಡಿತು. ಬಾಥಮ್ ಒಂದು ಚೆಕ್ ಬರೆದು ಸುಮ್ಮನಿರಬಹುದಿತ್ತಲ್ಲ? ಬರೆದಿದ್ದರೆ ಅದು ಒಬ್ಬರ ದುಡ್ಡಾಗುತ್ತಿತ್ತು. ನಡೆದದ್ದರಿಂದ ಸಾವಿರಾರು ಜನರ ಚಿಲ್ಲರೆ ಆಯ್ತು.

ಐದನೇ ದಿನ ಮಧ್ಯಾಹ್ನದ ಹೊತ್ತಿಗೆ ಮೌಸ್‌ಹೋಲ್. ಬರೆಯೋದು ಇಲಿಬಿಲ ಅಂತ, ಅಲ್ಲಿನವರು ಕರೆಯೋದು ಮೌಝಲ್ ಅಂತ. ಅಂಗೈಯಗಲದ ಬಂದರು. 1981ರ ಡಿಸೆಂಬರ್ 19ರ ರಾತ್ರಿ ಯೂನಿಯನ್ ಸ್ಟಾರ್ ಎಂಬ ಹಡಗಿನ ಎಂಜಿನ್ ಕೆಟ್ಟು, ಗಾಳಿಯ ಹೊಡೆತಕ್ಕೆ ಈ ಕಡೆಯ ಬಂಡೆಗಳತ್ತ ತೇಲಿ ಬರುತ್ತಿತ್ತು. ಅದು ಹಡಗಿನ ಮೊದಲ ಯಾನ. ಒಳಗೆ ಎಂಟು ಜನ. ಕ್ಯಾಪ್ಟನ್ನನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹೆಲಿಕಾಪ್ಟರಿನಿಂದ ಆಗಲಿಲ್ಲ. ಊರಿನ ಎಂಟು ಮಂದಿ ಸಾಲೊಮನ್ ಬ್ರೌನ್ ಅನ್ನುವ ಮರದ ಲೈಫ್‌ಬೋಟಿನಲ್ಲಿ ಹೊರಟರು. ಹೊರಡುವ ಮೊದಲು ನಾಯಕ ಟ್ರೆವೆಲಿಯನ್ ರಿಚರ್ಡ್ಸ್ ಒಬ್ಬ ಹುಡುಗನನ್ನು ದಡದಲ್ಲೇ ಬಿಟ್ಟರು. ಅವನ ಅಪ್ಪ ಆಗಲೇ ದೋಣಿಯಲ್ಲಿದ್ದ. ಇಂಥ ರಾತ್ರಿ ಒಂದು ಮನೆಯಿಂದ ಒಬ್ಬರು ಸಾಕು ಅನ್ನೋದು ರಿಚರ್ಡ್ಸ್ ಲೆಕ್ಕ. ನಾಲ್ಕು ಜನರನ್ನು ಹತ್ತಿಸಿಕೊಂಡಿದ್ದೇವೆ ಅಂತ ರೇಡಿಯೋದಲ್ಲಿ ಸುದ್ದಿ ಬಂತು. ಆಮೇಲೆ ಏನೂ ಬರಲಿಲ್ಲ. ಹದಿನಾರೂ ಮಂದಿ ಹೋದರು.

ಮಾರನೇ ದಿನವೇ ಹೊಸ ತಂಡಕ್ಕೆ ಬೇಕಾದಷ್ಟು ಜನ ಅದೇ ಸುತ್ತಿನಿಂದ ಮುಂದೆ ಬಂದರು. ದಡದಲ್ಲಿ ಉಳಿದ ಆ ಹುಡುಗ ಮುಂದೆ ಅದೇ ಲೈಫ್‌ಬೋಟ್ ಠಾಣೆಯ ನಾಯಕನಾದ. ಸತ್ತವರ ಮನೆಗಳಿಗೆ ದೇಶದ ಜನ 30 ಲಕ್ಷ ಪೌಂಡಿಗೂ ಹೆಚ್ಚು ಕಳಿಸಿದರು. ಸರ್ಕಾರ ಅದರ ಮೇಲೂ ತೆರಿಗೆ ಹಾಕೋಕೆ ಹೊರಟಾಗ ಜನ ರೊಚ್ಚಿಗೆದ್ದರು. ಕ್ರಿಸ್‌ಮಸ್ ದೀಪಾಲಂಕಾರಕ್ಕೆ ಹೆಸರಾದ ಈ ಊರಲ್ಲಿ ಪ್ರತಿವರ್ಷ ಡಿಸೆಂಬರ್ 19ರ ರಾತ್ರಿ ಒಂದು ಗಂಟೆ ದೀಪ ಆರಿಸುತ್ತಾರೆ. ಹಳೇ ಬೋಟ್‌ಹೌಸನ್ನು ಹಾಗೇ ಬಿಟ್ಟಿದ್ದಾರೆ. ನಮ್ಮ ನಡಿಗೆ ಮುಗಿದದ್ದು ಅದರ ಪಕ್ಕದ ಪುಟ್ಟ ತೋಟದಲ್ಲಿ. ಯಾರೂ ಫೋಟೋ ತೆಗೆಯಲಿಲ್ಲ.

ಒಂದು ಮಾತು ಹೇಳಲೇಬೇಕು. ನಮ್ಮ ಊಟ ವಸತಿಯ ಖರ್ಚು ನಮ್ಮದೇ, ಎತ್ತಿದ ದುಡ್ಡೆಲ್ಲ ಲೈಫ್‌ಬೋಟಿಗೆ. ಎಲ್ಲ ಕಡೆ ಹೀಗಿಲ್ಲ. ದಾನದ ಹಣದಲ್ಲೇ ನಡೆಯುವವರ ಪ್ರವಾಸದ ಖರ್ಚು ಕಳೆಯುವ ಪ್ಯಾಕೇಜುಗಳೂ ಇವೆ. ಅಂಥಲ್ಲಿ ಮಾವನ ಪ್ರಶ್ನೆ ಪೂರ್ತಿ ನ್ಯಾಯವೇ. ಕೇಳಲೇಬೇಕು.

ಊರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ನಾನು ನಡೆದರೆ ಅವರಿಗೇನೂ ಲಾಭವಿಲ್ಲ ಮಾಮ, ಆದರೆ ನಡೀತೀನಿ ಅನ್ನೋ ನೆಪದಲ್ಲಿ ನಲವತ್ತಾರು ಜನರ ಹತ್ತಿರ ಆ ದೋಣಿಯ ಮಾತು ಆಡಿದೆ, ನೂರು ಶ್ರೀಮಂತರ ದೋಣಿ ಎಲ್ಲರ ದೋಣಿಯಾದದ್ದು ಹೀಗೇ, ಅಂದೆ. ಮಾವ ಹ್ಞೂಂ ಅಂದರು. ಮೌಸ್‌ಹೋಲ್ ಕಥೆಗೆ ಮಾತ್ರ ಏನೂ ಅನ್ನಲಿಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ.

ಆಮೇಲೆ ಹೇಳಿದರು. ನಾನು ಹುಟ್ಟೋಕೆ ಮೊದಲು ಒಂದು ಮಳೆಗಾಲದಲ್ಲಿ ಶರಾವತಿ ಅಳಿವೆಯಲ್ಲಿ ದೋಣಿಯೊಂದು ಮಗುಚಿತ್ತಂತೆ. ಕರೆಯೋಕೆ ಯಾವ ಲೈಫ್‌ಬೋಟೂ ಇರಲಿಲ್ಲ. ಕೇರಿಯವರೇ ಇನ್ನೊಂದು ದೋಣಿ ಹತ್ತಿ ಹೊರಟರು. ಮಾವನ ಪಕ್ಕದ ಮನೆಯ ಅಣ್ಣ ತಮ್ಮ ಇಬ್ಬರೂ ಹತ್ತಿದರು. ಇಬ್ಬರೂ ಬರಲಿಲ್ಲ.

"ಒಂದು ಮನೆಗೆ ಒಬ್ಬ ಅಂತ ಎಣಿಸೋಕೆ ನಮ್ಮಲ್ಲಿ ಯಾರೂ ಇರ್ಲಿಲ್ಲ ನೋಡು" ಅಂದರು ಮಾವ.

ಮಾರನೇ ದಿನ ಅವರ ಹಣ ಬಂತು. ಹೆಸರಿನ ಜಾಗದಲ್ಲಿ ತಮ್ಮ ಹೆಸರು ಹಾಕಬೇಡ ಅಂದಿದ್ದರು. ಆ ಅಣ್ಣತಮ್ಮಂದಿರ ಹೆಸರು ಹೇಳಿದ್ದರು. ಅದನ್ನೇ ಹಾಕಿದೆ.