ಶಿಕ್ಷಕರ ಸ್ನಾಯು-ಮೂಳೆ ನೋವು

ತರಗತಿಯ ಕೆಲಸದ ಭಂಗಿಗಳಿಂದ ಶಿಕ್ಷಕರ ಕುತ್ತಿಗೆ, ಭುಜ, ಸೊಂಟ, ಮೊಣಕಾಲುಗಳಲ್ಲಿ ಬರುವ ನೋವು ಮತ್ತು ಬಿಗಿತ. ಭುಜಕ್ಕಿಂತ ಮೇಲೆ ಕೈಯೆತ್ತಿ ಬೋರ್ಡಿನಲ್ಲಿ ಬರೆಯುವಾಗ ಭುಜದ ಸ್ನಾಯುರಜ್ಜುಗಳ ಮೇಲೆ ಒತ್ತಡ ಬೀಳುತ್ತದೆ. ಕತ್ತು ಬಗ್ಗಿಸಿ ನೋಟ್‌ಬುಕ್ ತಿದ್ದುವಾಗ ಹಿಂಗತ್ತಿನ ಸ್ನಾಯುಗಳು ಬಿಡುವಿಲ್ಲದೆ ತಲೆಯ ಭಾರ ಹೊರುತ್ತವೆ. ದಿನವಿಡೀ ನಿಲ್ಲುವುದರಿಂದ ಸೊಂಟ, ಕಾಲುಗಳು ಸೋಲುತ್ತವೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ನೋವಿಗೆ ಇನ್ನೊಂದು ಮುಖವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿಕಲಿ ಎಂಬ ಕಲಿಕಾ ಪದ್ಧತಿ 2009-10ರಿಂದ ರಾಜ್ಯದ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ನಲಿಕಲಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಶಿಕ್ಷಕರು ಪ್ರತಿ ಗುಂಪಿನ ಬಳಿಯೂ ನೆಲಕ್ಕೆ ಕೂತು ಏಳಬೇಕು, ಮಕ್ಕಳ ಎತ್ತರಕ್ಕೆ ಬಳಿದ ಗೋಡೆಹಲಗೆಗೆ ಬಾಗಬೇಕು. ಮಗುವಿಗೆ ಹಿತವಾದ ಈ ಎತ್ತರ ಐವತ್ತು ದಾಟಿದ ಮೊಣಕಾಲಿಗೆ ಹಿತವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಗಿಡ್ಡ ಸ್ಟೂಲು, ಕಣ್ಣಿನ ಮಟ್ಟದಲ್ಲಿ ಬರೆಯುವುದು, ಆಗಾಗ ಭಂಗಿ ಬದಲಿಸುವುದು ನೆರವಾಗುತ್ತವೆ. ಕೈಕಾಲು ಜೋಮು ಹಿಡಿದರೆ ಅಥವಾ ಶಕ್ತಿ ಕುಂದಿದರೆ ಮುಲಾಮು ನಂಬದೆ ವೈದ್ಯರನ್ನು ಕಾಣಬೇಕು.