ಏಳಡಿಯ ಕಟ್ಟೆ

ಚಿಕ್ಕಮಗಳೂರು ಜಿಲ್ಲೆಯವನು ಅಂದರೆ ಸಾಕು, ಕಾಫಿ ತೋಟ ಎಷ್ಟು ಎಕರೆ ಎಂದು ಕೇಳುತ್ತಾರೆ. ಪಂಚನಹಳ್ಳಿಯವರಿಗೆ ಇದು ಹಳೆಯ ಪ್ರಶ್ನೆ. ನಮ್ಮದು ಕಡೂರು ತಾಲ್ಲೂಕಿನ ಮೂಡಲ ಮಗ್ಗುಲು, ರಾಗಿ ತೆಂಗಿನ ಸೀಮೆ. ಮಲೆನಾಡಿನ ಹೆಸರು ಹೊತ್ತ ಜಿಲ್ಲೆಯೊಳಗೆ ಮಳೆಗೆ ಮುಖವೆತ್ತಿ ಕೂತಿರುವ ಬಯಲು. ನನ್ನ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು, ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಉದ್ದಕ್ಕೂ ಓಡಾಡಿ ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಕಿವಿಗೊಡುವುದು ಅವರ ಕೆಲಸ. ಬೇರೆ ಊರಿಗೆ ನೆಂಟರ ಮನೆಗೆ ಹೋದರೂ ಕಾಲು ತೊಳೆದ ಮೇಲೆ ಅವರು ಕೇಳುತ್ತಿದ್ದ ಮೊದಲ ಮಾತು, "ನಿಮ್ಮ ಕೆರೆ ಕೋಡಿ ಯಾವ ಕಡೆಗಪ್ಪ?"

1991ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಓದಲು ಹೋದೆ. ಸೆಲ್ಲಿ ಓಕ್‌ನಲ್ಲಿ ಬಾಡಿಗೆ ಕೋಣೆ. ಮೊದಲ ಮೂರು ವಾರ ಕೋಣೆಯಿಂದ ತರಗತಿ, ತರಗತಿಯಿಂದ ಕೋಣೆ. ನಾಲ್ಕಕ್ಕೇ ಕತ್ತಲಾಗುವ ದಿನಗಳು ಇನ್ನೂ ಬಂದಿರಲಿಲ್ಲ, ಆದರೂ ಎದೆಯಲ್ಲಿ ಆಗಲೇ ಕತ್ತಲಿತ್ತು. ಅಮ್ಮನಿಗೆ ಬರೆದ ಕಾಗದದಲ್ಲಿ ಊರು ಚೆನ್ನಾಗಿದೆ ಎಂದು ಬರೆದಿದ್ದೆ. ಊರನ್ನು ನಾನು ನೋಡಿರಲೇ ಇಲ್ಲ.

ಒಂದು ಭಾನುವಾರ 11ನೇ ನಂಬರಿನ ಬಸ್ಸು ಹತ್ತಿದೆ. 1926ರಲ್ಲಿ ಶುರುವಾದ ಈ ಬಸ್ಸು ಊರನ್ನು ಹೊರಸುತ್ತಿನಲ್ಲಿ ಬಳಸಿ ಹತ್ತಿದ ಜಾಗಕ್ಕೇ ತಂದು ಇಳಿಸುತ್ತಿತ್ತು. ಒಟ್ಟು 26 ಮೈಲಿ, ಎರಡು ಗಂಟೆಗೂ ಮಿಕ್ಕ ಪ್ರಯಾಣ. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ. ಮಹಡಿಯ ಮುಂದಿನ ಸೀಟಿನಲ್ಲಿ ಕೂತು ನೋಡಿದೆ: ಬೋರ್ನ್‌ವಿಲ್‌ನ ಕ್ಯಾಡ್ಬರಿ ಕಾರ್ಖಾನೆಯ ಸಿಹಿ ವಾಸನೆ, ಒಂದೇ ಅಚ್ಚಿನಲ್ಲಿ ಹೊಯ್ದಂಥ ಕೆಂಪಿಟ್ಟಿಗೆಯ ಮನೆಸಾಲುಗಳು, ಹ್ಯಾಂಡ್ಸ್‌ವರ್ತ್‌ನ ಸೋಹೋ ರಸ್ತೆಯಲ್ಲಿ ಪಂಜಾಬಿ ಅಂಗಡಿಗಳು. ಅಲ್ಲಿ ಇಳಿದೆ. ರಾಗಿ ಹಿಟ್ಟು ಸಿಗಲಿಲ್ಲ, ಮೆಂತ್ಯದ ಸೊಪ್ಪು ಸಿಕ್ಕಿತು. ಆ ಕಟ್ಟನ್ನು ಮೂಗಿಗೆ ಹಿಡಿದುಕೊಂಡೇ ಉಳಿದ ಸುತ್ತು ಮುಗಿಸಿದೆ.

ಸುತ್ತು ಹಾಕಿದ್ದಾಯಿತು, ಗರ್ಭಗುಡಿ ಬಾಕಿಯಿತ್ತು. ಮುಂದಿನ ವಾರ ವಿಶ್ವವಿದ್ಯಾಲಯದ ಪಕ್ಕದಲ್ಲೇ ಹರಿಯುವ ವೂಸ್ಟರ್–ಬರ್ಮಿಂಗ್‌ಹ್ಯಾಮ್ ಕಾಲುವೆಯ ದಂಡೆ ಹಿಡಿದು ನಡೆದೆ. ಹಿಂದೆ ಕುದುರೆಗಳು ಹಗ್ಗ ಕಟ್ಟಿಕೊಂಡು ಸರಕಿನ ದೋಣಿ ಎಳೆದ ದಾರಿ ಅದು. ನಗರದ ಕಾಲುವೆಗಳ ಹಳೆಯ ಸೇತುವೆಗಳ ಮೂಲೆಗೆ ಹೊದಿಸಿದ ಕಬ್ಬಿಣದಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ. ನಮ್ಮ ಸೇದುಬಾವಿಯ ಕಲ್ಲಿನ ಮೇಲಿನ ಗೀರುಗಳೇ. ಬೆರಳಿಟ್ಟು ನೋಡಿದೆ, ಆಳ ಕೂಡ ಹೆಚ್ಚುಕಮ್ಮಿ ಅಷ್ಟೇ.

ದಾರಿ ಹೋಗಿ ಮುಟ್ಟಿದ್ದು ನಗರದ ನಡುವಿನ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ. ಅಲ್ಲಿ ಎರಡು ಕಾಲುವೆಗಳ ನಡುವೆ ಒಂದು ಕಟ್ಟೆ, ಅಗಲ ಏಳೇ ಅಡಿ. ದೋಣಿಯಲ್ಲೇ ಸಂಸಾರ ಹೂಡಿದ್ದ ಒಬ್ಬ ಮುದುಕರು ಅದರ ಕಥೆ ಹೇಳಿದರು. ಬರ್ಮಿಂಗ್‌ಹ್ಯಾಮ್ ಕಾಲುವೆಯನ್ನು ಜೇಮ್ಸ್ ಬ್ರಿಂಡ್ಲಿ ತಂದದ್ದು 1769ರಲ್ಲಿ, ವೆಡ್ನ್ಸ್‌ಬರಿಯ ಗಣಿಗಳ ಕಲ್ಲಿದ್ದಲಿಗಾಗಿ. 1795ರ ಹೊತ್ತಿಗೆ ವೂಸ್ಟರ್ ಕಂಪನಿಯ ಕಾಲುವೆ ಪಕ್ಕಕ್ಕೇ ಬಂತು. ಹಳೆಯ ಕಂಪನಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ತಮ್ಮ ನೀರು ಹೊಸ ಕಾಲುವೆಗೆ ಹರಿದುಹೋಗುತ್ತದೆ ಎಂಬ ಭಯ. ಹಾಗಾಗಿ ಆ ದೋಣಿಯ ಸರಕನ್ನೆಲ್ಲ ಇಳಿಸಿ, ಕಟ್ಟೆ ದಾಟಿಸಿ, ಈ ದೋಣಿಗೆ ಹೇರಬೇಕಿತ್ತು. ಇಪ್ಪತ್ತು ವರ್ಷ ಕೂಲಿಗಳು ಏಳಡಿಯ ಆಚೆಯಿಂದ ಈಚೆಗೆ ಮೂಟೆ ಹೊತ್ತರು. 1815ರಲ್ಲಿ ಕಟ್ಟೆ ಒಡೆದು ಬಾಗಿಲಿಟ್ಟ ಮೇಲೆ ದೋಣಿ ದಾಟಿತು.

ಆ ಕಟ್ಟೆಯ ಮೇಲೆ ನಿಂತಾಗ ನನಗೆ ಪರದೇಶ ಪರದೇಶವಾಗಿ ಉಳಿಯಲಿಲ್ಲ. ಒಂದು ತೂಬಿನ ನೀರಿಗಾಗಿ ಎರಡು ಕೇರಿಗಳು ಮಾತುಬಿಟ್ಟದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡವನು. ಅಂಥ ಜಗಳದ ನಡುವೆ ಗುದ್ದಲಿ ಊರಿಕೊಂಡು ತಾತ ನಿಂತಿರುತ್ತಿದ್ದರು.

ಅಷ್ಟೊಂದು ಮಳೆ ಬೀಳುವ ದೇಶದಲ್ಲಿ ನೀರಿಗೇಕೆ ಜಗಳ? ಬರ್ಮಿಂಗ್‌ಹ್ಯಾಮ್ ದಿಣ್ಣೆಯ ಮೇಲಿನ ಊರು, ದೊಡ್ಡ ನದಿಯಿಲ್ಲ. ದೋಣಿಗಳು ಲಾಕ್ ಎಂಬ ನೀರಿನ ಮೆಟ್ಟಿಲು ಹತ್ತಿ ಇಳಿಯಬೇಕು. ಪ್ರತಿ ದೋಣಿ ಇಳಿದಾಗಲೂ ಒಂದು ತೊಟ್ಟಿ ನೀರು ಕೆಳಗೆ ಹೋಗುತ್ತದೆ. ಹೋದ ನೀರನ್ನು ಮತ್ತೆ ಮೇಲೆತ್ತಲು 1779ರಲ್ಲಿ ಸ್ಮೆದಿಕ್‌ನಲ್ಲಿ ಬೋಲ್ಟನ್ ಮತ್ತು ವಾಟ್ ಅವರ ಉಗಿಯಂತ್ರ ಹೂಡಿದರು. ಅದು 1891ರವರೆಗೆ ಏತದ ಹಾಗೆ ನೀರೆತ್ತಿತು, ಈಗ ಆ ನಗರದ ಥಿಂಕ್‌ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿದೆ. ಅದೂ ಸಾಲದೆ 1820ರ ದಶಕದಲ್ಲಿ ಥಾಮಸ್ ಟೆಲ್‌ಫೋರ್ಡ್ ಒಂದು ಕೆರೆ ಕಟ್ಟಿದ. ಇಂದಿನ ಹೆಸರು ಎಡ್ಜ್‌ಬಾಸ್ಟನ್ ಜಲಾಶಯ. ನಾನು ಅದನ್ನು ಕೆರೆ ಎಂದೇ ಕರೆಯುತ್ತೇನೆ. ಮಣ್ಣಿನ ಏರಿ, ನೀರು ಬಿಡುವ ತೂಬು, ಕೆಳಗೆ ಕಾಲುವೆ, ಎಲ್ಲ ಇದ್ದವು. ಕೋಡಿ ಯಾವ ಕಡೆಗೆ ಎಂದು ಹುಡುಕಿಕೊಂಡು ಇಡೀ ಕೆರೆ ಸುತ್ತಿದೆ. ಆ ರಾತ್ರಿ ಅಮ್ಮನಿಗೆ ಬರೆದ ಕಾಗದದಲ್ಲಿ ಸುಳ್ಳಿರಲಿಲ್ಲ.

ಆ ಊರಿನ ಕುಡಿಯುವ ನೀರಿನ ಕಥೆ ಇನ್ನೂ ದೊಡ್ಡದು. 1904ರಿಂದ ಅದು ವೇಲ್ಸ್‌ನ ಎಲಾನ್ ಕಣಿವೆಯಿಂದ 73 ಮೈಲಿ ದೂರ, ಬರೀ ಇಳಿಜಾರಿನ ಬಲದಿಂದ ಹರಿದು ಬರುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಬಯಲಿಗೆ ಬರಲಿ ಎಂದು ಕಾಯುವವರಿಗೆ ಇದರ ರುಚಿ ಗೊತ್ತಾಗುತ್ತದೆ.

ಇದೇ ಬರ್ಮಿಂಗ್‌ಹ್ಯಾಮಿಗೆ ನನಗಿಂತ ಮೊದಲು, 1963ರಲ್ಲಿ, ನಮ್ಮ ಪಕ್ಕದ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಯು. ಆರ್. ಅನಂತಮೂರ್ತಿ ಓದಲು ಬಂದಿದ್ದರು. ಗುರು ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರವನ್ನು ಅಡಿಬರಹವಿಲ್ಲದೆ ನೋಡಿದ್ದು, ಅದರ ಗುಂಗಿನಲ್ಲಿ 'ಸಂಸ್ಕಾರ' ಬರೆದದ್ದು ಓದುಗರಿಗೆಲ್ಲ ಗೊತ್ತು. ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು 1966ರಲ್ಲಿ, ಕಾದಂಬರಿ ಬಂದದ್ದು ಅದಕ್ಕೂ ಮೊದಲು, 1965ರಲ್ಲಿ. ಕವಿ ಎ. ಕೆ. ರಾಮಾನುಜನ್ ಕೂಡ ಹೀಗೆಯೇ, 1962ರಲ್ಲಿ ಷಿಕಾಗೋದ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಸಂಗಂ ಕವಿತೆಗಳ ಸಂಕಲನ 'ಕುರುಂತೊಗೈ'ಯ ಹಳೆಯ ಪ್ರತಿ ಕಂಡುಕೊಂಡರು. ಸಂಗಂ ಕಾವ್ಯ ಇಂಗ್ಲಿಷಿಗೆ ಹೋದ ದೊಡ್ಡ ದಾರಿ ಅಲ್ಲಿಂದ ತೆರೆಯಿತು. ಇಬ್ಬರೂ ಪರಸ್ಥಳದಲ್ಲಿ ಅಲೆಯುತ್ತ ಮನೆಯ ವಸ್ತುವನ್ನೇ ಎತ್ತಿಕೊಂಡರು. ನನ್ನದು ಅಂಥ ದೊಡ್ಡ ಕೆಲಸವಲ್ಲ. ಆದರೆ ತಾತನ ಕಸುಬನ್ನು ಇತಿಹಾಸವೆಂದು ನಾನು ಮೊದಲು ಕಂಡದ್ದು ಟೆಲ್‌ಫೋರ್ಡನ ಏರಿಯ ಮೇಲೆ ನಿಂತು.

1963ರ ಫೆಬ್ರವರಿ 1ರಂದು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಜಾರಿಗೆ ಬಂದು ಶಾನುಭೋಗ, ಪಟೇಲ, ತೋಟಿ, ತಳವಾರರ ಜೊತೆಗೆ ನೀರುಗಂಟಿಯ ವಂಶಪಾರಂಪರ್ಯ ಹಕ್ಕೂ ಹೋಯಿತು. ವಂಶದ ಅಧಿಕಾರ ಹೋದದ್ದು ಸರಿಯೇ. ಆದರೆ ತೂಬಿನ ಅಳತೆ, ಸರದಿಯ ಲೆಕ್ಕ, ಏರಿಯ ಸದ್ದು ತಿಳಿದವರ ಜಾಗಕ್ಕೆ ಯಾರನ್ನೂ ಕೂರಿಸದಿದ್ದದ್ದು ತಪ್ಪು. ತಾತ ಸಂಬಳವಿಲ್ಲದೆ, ಯಾರೂ ಹೇಳದೆ, ಇನ್ನೂ ಹನ್ನೆರಡು ವರ್ಷ ತೂಬು ಎತ್ತಿದರು.

ಪಂಚನಹಳ್ಳಿ, ಯಗಟಿ, ಸಿಂಗಟಗೆರೆ ಕಡೆಯಿಂದ ಈಗ ಮಕ್ಕಳು ಜರ್ಮನಿಗೆ, ಐರ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಓದಲು ಹೊರಡುತ್ತಿದ್ದಾರೆ. ಅವರಲ್ಲಿ ಒಂದು ಕೋರಿಕೆ. ಹೋದ ಊರಲ್ಲಿ ಮೊದಲ ಭಾನುವಾರ ಕೋಣೆಯಲ್ಲಿ ಕೂರಬೇಡಿ, ಅಲ್ಲಿನ ನೀರು ಎಲ್ಲಿಂದ ಬರುತ್ತದೆಂದು ಹುಡುಕಿಕೊಂಡು ನಡೆಯಿರಿ. ಹೊರಡುವ ಮುಂಚೆ ನಿಮ್ಮೂರಿನ ನೀರುಗಂಟಿ ಮನೆಯ ಹಿರಿಯರೊಬ್ಬರ ಜೊತೆ ಒಂದು ಸಂಜೆ ಏರಿಯ ಮೇಲೆ ಓಡಾಡಿ, ಅವರು ಹೇಳಿದ್ದನ್ನು ಬರೆದಿಟ್ಟು ಹೋಗಿ.