ಬಾಗಿಲಲ್ಲಿ ನಿಂತ ಪ್ರಶ್ನೆ

ಸುಳ್ಳು ಹೇಳಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಪ್ರಾಣಭಯದಿಂದ ಓಡಿಬಂದ ಸ್ನೇಹಿತನೊಬ್ಬ ನಿಮ್ಮ ಮನೆಯೊಳಗೆ ಅಡಗಿದ್ದಾನೆ, ಅವನನ್ನು ಕೊಲ್ಲಬಂದವನು ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದಾನೆ ಎಂದುಕೊಳ್ಳಿ. ಆಗ ಏನೆಂದು ಉತ್ತರಿಸುವಿರಿ?

1797ರಲ್ಲಿ ಈ ಪ್ರಶ್ನೆ ಇಬ್ಬರು ಚಿಂತಕರ ನಡುವೆ ವಾದಕ್ಕೆ ಕಾರಣವಾಯಿತು. ಅವರಲ್ಲೊಬ್ಬರು ಪ್ರಷ್ಯದ ಕೋನಿಗ್ಸ್‌ಬರ್ಗ್ ನಗರದ ಇಮ್ಯಾನುಯೆಲ್ ಕಾಂಟ್ (1724–1804). ಕುದುರೆಯ ಜೀನು, ಲಗಾಮು ತಯಾರಿಸುವ ಬಡ ಕುಶಲಕರ್ಮಿಯ ಮಗ. ನೀನು ಅನುಸರಿಸುವ ನಿಯಮ ಸಕಲರಿಗೂ ಕಾನೂನಾಗಲೆಂದು ಬಯಸಬಲ್ಲೆಯಾ ಎಂಬುದೇ ಕರ್ತವ್ಯದ ಒರೆಗಲ್ಲೆಂದು 1785ರಲ್ಲಿ ಅವರು ಬರೆದಿದ್ದರು. ತೀರಿಸಲಾರೆನೆಂದು ತಿಳಿದೂ ಮಾತು ಕೊಟ್ಟು ಸಾಲ ಪಡೆಯುವವನನ್ನು ನೋಡಿ. ಎಲ್ಲರೂ ಹಾಗೆಯೇ ಮಾಡಿದರೆ ಯಾರ ಮಾತನ್ನೂ ಯಾರೂ ನಂಬರು. ತಪ್ಪು ಮಾಡುವವನು ನಿಯಮವೇ ಬೇಡವೆನ್ನುವುದಿಲ್ಲ. ತನಗೊಬ್ಬನಿಗೆ ವಿನಾಯಿತಿ ಕೊಟ್ಟುಕೊಳ್ಳುತ್ತಾನೆ. ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಬಳಸಬಾರದೆಂಬುದೂ ಅದೇ ಗ್ರಂಥದ ಬೋಧನೆ.

ಫ್ರೆಂಚ್ ಲೇಖಕ ಬೆಂಜಮಿನ್ ಕಾನ್‌ಸ್ಟಂಟ್ ಆಕ್ಷೇಪಿಸಿದರು: ಸತ್ಯವನ್ನು ಕೇಳುವ ಹಕ್ಕುಳ್ಳವನಿಗೆ ಮಾತ್ರ ನಾವು ಸತ್ಯಕ್ಕೆ ಬಾಧ್ಯರು, ಕೊಲೆಗಾರನಿಗೆ ಆ ಹಕ್ಕಿಲ್ಲ. ಕಾಂಟ್ ಜಗ್ಗಲಿಲ್ಲ. ಸತ್ಯದ ಋಣ ಎದುರು ನಿಂತವನಿಗಲ್ಲ, ಇಡೀ ಮಾನವಕುಲಕ್ಕೆ ಎಂದರು. ಸ್ನೇಹಿತ ನಿಮಗೆ ತಿಳಿಯದಂತೆ ಹೊರಹೋಗಿದ್ದು, ನಿಮ್ಮ ಸುಳ್ಳನ್ನು ನಂಬಿ ಹಿಂದಿರುಗಿದ ಕೊಲೆಗಾರನಿಗೆ ದಾರಿಯಲ್ಲಿ ಸಿಕ್ಕರೆ ಆ ಹೊಣೆ ನಿಮ್ಮದೇ ಎಂದೂ ಎಚ್ಚರಿಸಿದರು.

ಒಂದೂವರೆ ಶತಮಾನದ ತರುವಾಯ ಅದೇ ಪ್ರಶ್ನೆ ಫ್ರಾನ್ಸಿನ ಶಾಂಬೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ನಿಜವಾಗಿಯೇ ಬಾಗಿಲು ತಟ್ಟಿತು. ನಾತ್ಸಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರನ್ನು ಹಳ್ಳಿಯವರು ತಮ್ಮ ಮನೆಗಳಲ್ಲಿ ಅಡಗಿಸಿದರು. 1942ರ ಆಗಸ್ಟಿನಲ್ಲಿ ಅಧಿಕಾರಿಗಳು ಅವರ ಹೆಸರುಗಳ ಪಟ್ಟಿ ಕೇಳಿದಾಗ, ಪ್ರೊಟೆಸ್ಟೆಂಟ್ ಸಭಾಪಾಲಕ ಆಂದ್ರೆ ತ್ರೊಕ್ಮೆ ಕೊಡಲು ನಿರಾಕರಿಸಿದರು. ಸುಳ್ಳಿಗೂ ದ್ರೋಹಕ್ಕೂ ನಡುವೆ ನಿರಾಕರಣೆಯೆಂಬ ಮೂರನೆಯ ದಾರಿಯಿತ್ತು. ಆದರೆ ಅದೊಂದೇ ಸಾಲಲಿಲ್ಲ. ನಿರಾಶ್ರಿತರಿಗಾಗಿ ಸುಳ್ಳು ಗುರುತಿನ ಚೀಟಿಗಳನ್ನೂ ಅಲ್ಲಿ ಸಿದ್ಧಪಡಿಸಬೇಕಾಯಿತು. ಬೆಲೆಯನ್ನೂ ತೆರಬೇಕಾಯಿತು. ವಿದ್ಯಾರ್ಥಿಗಳೊಂದಿಗೆ ಬಂಧಿತರಾದ ಪಾಲಕರ ಬಂಧು ದಾನಿಯೆಲ್ ತ್ರೊಕ್ಮೆ 1944ರಲ್ಲಿ ಮೈದಾನೆಕ್ ಶಿಬಿರದಲ್ಲಿ ಅಸುನೀಗಿದರು.

ಮುಂದೆ ಪಾಲಕರೇ ತಲೆಮರೆಸಿಕೊಂಡು ಬೇರೆ ಹೆಸರಿನ ಚೀಟಿ ಹೊತ್ತು ತಿರುಗಬೇಕಾಯಿತು. ಲಿಯೋನ್ ರೈಲುನಿಲ್ದಾಣದಲ್ಲಿ ಜರ್ಮನರ ಕೈಗೆ ಸಿಕ್ಕಾಗ, ಹೆಸರು ಕೇಳಿದರೆ ಸುಳ್ಳಾಡಲಾರೆನೆಂದು ಅವರು ಮನದಲ್ಲೇ ನಿಶ್ಚಯಿಸಿದರು. ಪ್ರಶ್ನೆ ಬರುವ ಮೊದಲೇ ಜನಸಂದಣಿಯಲ್ಲಿ ಸೇರಿ ಪಾರಾದರು.

ಓದುಗರೇ, ಕಾಂಟ್ ಸುಳ್ಳು ಚೀಟಿಗಳನ್ನು ಒಪ್ಪುತ್ತಿರಲಿಲ್ಲ. ಆದರೂ ಅವರ ಒರೆಗಲ್ಲು ಇಲ್ಲಿ ವ್ಯರ್ಥವಾಗಲಿಲ್ಲ. ಪರರ ಜೀವಕ್ಕಾಗಿ ನಿಯಮವನ್ನು ಮೀರಿದ ಹಳ್ಳಿಯ ಪಾಲಕ, ತನ್ನ ಜೀವಕ್ಕಾಗಿ ಅದನ್ನು ಮೀರಲು ಒಪ್ಪಲಿಲ್ಲ. ನಾವಾದರೋ ಬಹುತೇಕ ವಿನಾಯಿತಿಗಳನ್ನು ಕೇಳುವುದು ನಮಗಾಗಿಯೇ. ಮುಂದಿನ ಬಾರಿ "ಇದೊಂದು ಸಲ" ಎನ್ನುವ ಮುನ್ನ, ಯಾರಿಗಾಗಿ ಎಂದು ನಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳೋಣ.